ಶಾಖದ ಅಳತೆ

ರೇಷ್ಮೆ ಗೂಡು ಒಣಗಿಸುವ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದವನು ನಾನು. ಶ್ರೀನಿವಾಸಪುರದ ಒಂದು ನೂಲಿನ ಘಟಕದಲ್ಲಿ ಬಿಸಿಗಾಳಿ ಕೋಣೆಯ ಉಸ್ತುವಾರಿ ನನ್ನದಾಗಿತ್ತು. ಬೆಳಿಗ್ಗೆ ಐದೂವರೆಗೆ ಒಲೆ, ಆರಕ್ಕೆ ಗೂಡಿನ ಮೊದಲ ತಟ್ಟೆ, ಆಮೇಲೆ ಕಾಲು ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಗೋಡೆಯ ಹಲಗೆಯ ಮೇಲೆ ಬರೆಯಬೇಕು. ಶಾಖ ಕಡಿಮೆಯಾದರೆ ಒಳಗಿನ ಹುಳು ಸಾಯದೆ ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಹೆಚ್ಚಾದರೆ ಅಂಟು ಗಟ್ಟಿಯಾಗಿ, ಬಿಚ್ಚುವಾಗ ಎಳೆ ಕಡಿಯುತ್ತದೆ. ಹುಳು ಸಾಯಬೇಕು, ನೂಲು ಉಳಿಯಬೇಕು. ನನ್ನ ವಿದ್ಯೆ ಇಷ್ಟೇ.

ಹಾಗಾಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ವೈದ್ಯರು ನನ್ನ ತಂಗಿಗೆ ಶಾಖದ ಚಿಕಿತ್ಸೆ ಕೊಡೋಣ ಎಂದಾಗ ನನ್ನ ಕಿವಿ ನಿಮಿರಿತು. ನಾಲ್ಕು ವರ್ಷದ ಹಿಂದೆ ಕ್ಯಾನ್ಸರ್ ಎಂದು ಅವಳ ಎಡ ಸ್ತನ ತೆಗೆದಿದ್ದರು. ಈಗ ಆ ಗಾಯದ ಗುರುತಿನ ಪಕ್ಕದಲ್ಲೇ ಸಣ್ಣ ಗಂಟುಗಳು ಎದ್ದಿದ್ದವು. ವಿಕಿರಣ, ಅಂದರೆ ನಮ್ಮ ಕಡೆಯವರು ಹೇಳುವ ‘ಕರೆಂಟು’, ಕೊಡಬೇಕು. ಅದರ ಜೊತೆಗೆ ವಾರಕ್ಕೊಮ್ಮೆ ಒಂದು ಗಂಟೆ, ನಲವತ್ತೆರಡು ನಲವತ್ತಮೂರು ಡಿಗ್ರಿಯ ಶಾಖ. ಅಷ್ಟು ಬಿಸಿಗೆ ರೋಗದ ಕಣಗಳು ಸೊರಗಿ ವಿಕಿರಣಕ್ಕೆ ಬೇಗ ಸೋಲುತ್ತವೆ, ಪಕ್ಕದ ಒಳ್ಳೆಯ ಮಾಂಸ ತಡೆದುಕೊಳ್ಳುತ್ತದೆ ಎಂದರು.

“ಇದನ್ನ ಯಾರು ಕಂಡುಹಿಡಿದಿದ್ದು ಸಾರ್?” ಎಂದೆ.

“ಶಾಖ ಕೊಡೋದು ತುಂಬಾ ಹಳೇದು. ಅಳೆದು ಕೊಡೋದು ಕಲಿತಿದ್ದು ಈಚೆಗೆ.”

ಆ ಮಾತು ನನ್ನನ್ನು ಬಿಡಲಿಲ್ಲ. ಮೂರು ಬುಧವಾರ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಕೋಲಾರದ ಗ್ರಂಥಾಲಯದಲ್ಲಿ ಕೂತೆ. ಗಡ್ಡೆಯನ್ನು ಕಾಸಿದ ಕಬ್ಬಿಣದಿಂದ ಸುಡುವುದು ಹಲವು ದೇಶಗಳಲ್ಲಿತ್ತಂತೆ. ನಮ್ಮ ಹಳೆಯ ವೈದ್ಯದಲ್ಲೂ ಇತ್ತು. ಬಹಳ ಕಾಲದ ಮೇಲೆ ಕೆಲವು ವೈದ್ಯರು ಒಂದು ವಿಚಿತ್ರ ಗಮನಿಸಿದರು: ಚರ್ಮಕ್ಕೆ ಸೋಂಕು ತಗುಲಿ ದಿನಗಟ್ಟಲೆ ಜ್ವರ ಸುಟ್ಟ ಕೆಲವು ರೋಗಿಗಳಲ್ಲಿ ಗಡ್ಡೆ ಕರಗಿತ್ತು. ಆಮೇಲೆ ಬೇಕೆಂದೇ ಜ್ವರ ಬರಿಸಿದರು. ಕೆಲವರು ಬದುಕಿದರು, ಕೆಲವರು ಆ ಜ್ವರಕ್ಕೇ ಹೋದರು. ಬಿಸಿನೀರಿನ ತೊಟ್ಟಿ, ಕಾಯಿಸಿದ ಮೇಣ, ಎಲ್ಲವನ್ನೂ ಮಾಡಿ ನೋಡಿದರು. ಒಳಗೆ ಎಷ್ಟು ಶಾಖ ತಲುಪಿತು ಎಂಬುದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಸಾಲನ್ನು ನನ್ನ ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಭಾನುವಾರ ತಂಗಿಯ ಗಂಡನ ಊರು ದೇವರಾಯಸಮುದ್ರಕ್ಕೆ ಹೋಗಿ ಇದೆಲ್ಲವನ್ನೂ ಅವಳಿಗೆ ಉತ್ಸಾಹದಿಂದ ಹೇಳಿದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೇಳುತ್ತಿದ್ದಳು.

“ಜ್ವರ ಬರ್ಸಿ ವಾಸಿ ಮಾಡ್ತಿದ್ರಾ? ನಮ್ಮತ್ತೆ ಹತ್ರ ಹೇಳ್ಬೇಡ ಅಣ್ಣ. ನನ್ನ ತಗೊಂಡೋಗಿ ಬಿಸ್ಲಲ್ಲಿ ಕೂರಿಸ್ತಾರೆ.”

ಇಬ್ಬರೂ ನಕ್ಕೆವು. ಗೆರೆ ಎಳೆದಿದ್ದ ಸಾಲನ್ನು ಹೇಳುವುದು ಮರೆತೆ.

ಗುರುವಾರ ಚಿಕಿತ್ಸೆ ಶುರುವಾಗಬೇಕಿತ್ತು. ಬುಧವಾರ ಬೆಳಿಗ್ಗೆ ಅವಳ ಫೋನು: “ಅಣ್ಣ, ಎದೆ ಮೇಲೆ ಸ್ವಲ್ಪ ಬೊಬ್ಬೆ ಎದ್ದೈತೆ.” ಮುಳಬಾಗಿಲಿಗೆ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಹೋದೆ. ಹಾಸಿಗೆಯ ಪಕ್ಕ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ಇತ್ತು. ಸೊಂಟ ನೋವಿಗೆ ಬಾಣಲೆಯಲ್ಲಿ ಬಿಸಿ ಮಾಡಿ ಇಡುತ್ತಾರಲ್ಲ, ಅದು.

“ಎಷ್ಟೊತ್ತು ಇಟ್ಕೊಂಡೆ?”

“ಒಂದು ಗಂಟೆ. ಡಾಕ್ಟ್ರು ಹೇಳಿದ್ರಲ್ಲ. ಮೊದ್ಲೇ ಒಂದಿನ ಕೊಟ್ರೆ ಒಳ್ಳೇದಂತ.”

“ಸುಡ್ತಾ ಇರ್ಲಿಲ್ವಾ?”

“ಇಲ್ಲಣ್ಣ. ಏನೂ ಗೊತ್ತಾಗ್ಲೇ ಇಲ್ಲ. ಅದಕ್ಕೇ ಇನ್ನೊಂದ್ಸಲ ಕಾಸಿ ಇಟ್ಕೊಂಡೆ.”

ಆಪರೇಷನ್ ಆದಾಗಿನಿಂದ ಆ ಜಾಗಕ್ಕೆ ಸ್ಪರ್ಶವೇ ಇರಲಿಲ್ಲ. ನಾಲ್ಕು ವರ್ಷ ಅವಳು ಯಾರಿಗೂ ಹೇಳಿರಲಿಲ್ಲ. ಎಲ್ಲದಕ್ಕೂ ಲೆಕ್ಕ ಇಡುವ ನಾನೂ ಕೇಳಿರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಬೊಬ್ಬೆ ನೋಡಿದ ವೈದ್ಯರು ಬೈಯಲಿಲ್ಲ. “ಇದು ಮಾಗೋವರೆಗೂ ಶಾಖನೂ ಇಲ್ಲ, ಕರೆಂಟೂ ಇಲ್ಲ. ಎರಡು ವಾರ ಆಗಬಹುದು,” ಎಂದರು.

“ಅಷ್ಟರಲ್ಲಿ ಗಂಟು ಬೆಳೆದರೆ?”

“ಅದೇ ಯೋಚನೆ ನನಗೂ.”

ದಿನವೂ ಏಳು ಗಂಟೆಗೆ ಫೋನು ಮಾಡಿ ಗಾಯ ಎಷ್ಟು ಒಣಗಿತು ಎಂದು ಕೇಳುತ್ತಿದ್ದೆ. “ಊರ್ಕೋ ಅಣ್ಣ, ಸುಮ್ನಿರು. ಗೂಡು ನೋಡ್ದಂಗೆ ನೋಡ್ತೀಯ ನನ್ನ,” ಎನ್ನುತ್ತಿದ್ದಳು. ಹದಿನಾರನೇ ದಿನ ಚರ್ಮ ಕೂಡಿಕೊಂಡಿತ್ತು. ಗಂಟುಗಳಲ್ಲಿ ಒಂದು ತುಸು ದೊಡ್ಡದಾಗಿತ್ತು.

ಚಿಕಿತ್ಸೆಯ ದಿನ ತಂಗಿ ತಾನಾಗಿಯೇ ಹೇಳಿದಳು: “ನಂಗೆ ಅಲ್ಲಿ ಬಿಸಿ ತಿಳಿಯಲ್ಲ ಡಾಕ್ಟ್ರೇ, ನನ್ನ ಕೇಳ್ಬೇಡಿ. ನಮ್ಮಣ್ಣ ನೋಡ್ಲಿ.” ನನ್ನನ್ನು ಗಾಜಿನ ಈಚೆ, ಯಂತ್ರ ನಡೆಸುವ ಹುಡುಗಿಯ ಪಕ್ಕ ಕೂರಿಸಿದರು. ತಂಗಿಯ ಎದೆಯ ಮೇಲೆ ನೀರು ತುಂಬಿದ ಮೆತ್ತನೆಯ ಚೀಲ, ಅದರಡಿ ಕೂದಲಿನಷ್ಟು ಸಣ್ಣ ನಾಲ್ಕು ತಂತಿ. ತಂತಿಗೊಂದರಂತೆ ಪರದೆಯ ಮೇಲೆ ನಾಲ್ಕು ಅಂಕಿ. ಒಂದು ಅಂಕಿ ನಲವತ್ತಮೂರು ದಾಟುತ್ತಿದ್ದಂತೆ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆ ಹುಡುಗಿ ಶಾಖ ಇಳಿಸಿಯಾಗಿತ್ತು. ಕಾಲು ಗಂಟೆಗೊಮ್ಮೆ ನಾಲ್ಕನ್ನೂ ಬರೆದುಕೊಂಡೆ.

ಹೊರಗೆ ಬಂದ ತಂಗಿ ಸೆರಗು ಸರಿಮಾಡಿಕೊಳ್ಳುತ್ತಾ ಕೇಳಿದಳು: “ಎಷ್ಟು ಬಂತು?”

“ನಲವತ್ತೆರಡೂವರೆ.”

“ಎಲ್ಲಾ ಕಡೆನೂ?”

ಈ ಸಲ ಹೇಳುವುದು ಮರೆಯಲಿಲ್ಲ. “ಮೂರು ಕಡೆ. ಕಂಕುಳ ಹತ್ರ ನಲವತ್ತೊಂದು ದಾಟ್ಲಿಲ್ಲ.”

“ಅದನ್ನ ಡಾಕ್ಟ್ರಿಗೆ ತೋರ್ಸು, ನಡಿ,” ಎಂದು ನನ್ನ ಪುಸ್ತಕವನ್ನು ತಾನೇ ಕೈಗೆ ತೆಗೆದುಕೊಂಡಳು.