ಊರೂರ ಯಮನನ್ನು ವಿಚಾರಿಸಿದ ನಂಜಪ್ಪ ಮಾವ

ಶ್ರೀರಂಗಪಟ್ಟಣದ ಕೋಟೆ ನೋಡಲು ಬಂದ ಪರದೇಶದವರನ್ನು ನಂಜಪ್ಪ ಮಾವ ಮೊದಲು ಕೇಳುತ್ತಿದ್ದುದು ಅವರ ಹೆಸರನ್ನಲ್ಲ. "ನಿಮ್ಮ ದೇಶದಲ್ಲಿ ಯಮ ಯಾರು?" ಎಂದು. ಪಾಪ, ಸುಲ್ತಾನನ ಕಥೆ ಕೇಳೋಣವೆಂದು ಬಂದವರು ತಬ್ಬಿಬ್ಬಾಗಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮಾವ ಬಿಡುವ ಆಸಾಮಿಯೇ? ಬಿಸಿಲಲ್ಲೇ ನಿಲ್ಲಿಸಿಕೊಂಡು, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೆದಕಿ ಕೆದಕಿ ಕೇಳುತ್ತಿದ್ದ.

ಮಾವ ನನ್ನ ತಾಯಿಯ ತಮ್ಮ, ಅಲ್ಲಿ ಗೈಡು. ನಾನು ಪಾಂಡವಪುರದಿಂದ ದಿನಾ ಬಸ್ಸಿನಲ್ಲಿ ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಮಧ್ಯಾಹ್ನದ ಊಟ ಅವನ ಮನೆಯಲ್ಲೇ. ಮೊದಲು ಅವನು ಹೀಗಿರಲಿಲ್ಲ. ಇಟಲಿಯವನೊಬ್ಬನನ್ನು ಮನೆಗೆ ಕರೆತಂದು ಮುದ್ದೆ ಬಡಿಸಿ, "ಅಗೀಬ್ಯಾಡ ಕಣ್ಲಾ, ನುಂಗು!" ಎಂದು ಗದರಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಆ ದಿನ ಅವನ ಹೆಂಡತಿ ಗೌರತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಅವರ ಒಬ್ಬನೇ ಮಗ ರವಿ, ಹೊಳೆ ತುಂಬಿ ಹರಿಯುತ್ತಿದ್ದಾಗ ಸಂಗಮದಲ್ಲಿ ಈಜಲು ಇಳಿದವನು ಮೇಲೆ ಬರಲಿಲ್ಲ. ತೆಪ್ಪದವರು, ಮುಳುಗುಗಾರರು ಎಲ್ಲ ಹುಡುಕಿದರು. ಹೆಣವೂ ಸಿಗಲಿಲ್ಲ. ಕಿಕ್ಕೇರಿಯಿಂದ ಬಂದ ದೊಡ್ಡಮಾವ, "ದರ್ಭೇಲಿ ಗೊಂಬೆ ಕಟ್ಟಿ ಸುಟ್ಟು, ತಿಥಿ ಮಾಡ್ಬುಡಾನ ನಂಜಪ್ಪ. ಮಗಿಗೆ ದಾರಿಯಾಗ್ಲಿ" ಎಂದರು. ಗೌರತ್ತೆಯೂ ಅದನ್ನೇ ಬೇಡಿದಳು. ಮಾವ ಎದ್ದು ನಿಂತ. "ಹೆಣ ನೋಡ್ದೆ ಎಂಗ್ ಸುಡ್ಲಿ? ಎಲ್ಲೋ ಅವ್ನೆ ನನ್ ಮಗ. ಅವ್ನ ವಾಪಸ್ ಕೊಡೋ ದೇವ್ರು ಯಾವನಾದ್ರೂ ಇರ್ಲೇಬೇಕು."

ನಮ್ಮ ದೇವರುಗಳಿಗೆಲ್ಲ ಹರಕೆ ಹೊತ್ತು ಸಾಕಾಗಿತ್ತು. ಹಾಗಾಗಿ ಹೊರಗಿನವರನ್ನು ವಿಚಾರಿಸತೊಡಗಿದ. ಕೇಳಿದ್ದನ್ನೆಲ್ಲ ಊಟದ ಹೊತ್ತಿನಲ್ಲಿ ನಮಗೆ ಹೇಳುತ್ತಿದ್ದ. ಈಜಿಪ್ಟಿನ ಐಸಿಸ್ ದೇವಿ, ಶತ್ರು ಕಡಿದೆಸೆದಿದ್ದ ಗಂಡನನ್ನು ತುಂಡುತುಂಡಾಗಿ ಆರಿಸಿ ಕೂಡಿಸಿದ್ದು. "ನಮ್ಗೆ ಒಂದ್ ಉಗುರೂ ಸಿಗ್ನಿಲ್ವಲ್ಲವ್ವಾ." ಜಪಾನಿನ ದೇವರು ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕೆ ಹೋಗಿ, ಅವಳ ಕೊಳೆತ ಮೈ ನೋಡಿ ಹೆದರಿದ್ದು. "ಓಡ್ಬಂದ್ಬುಟ್ನಂತೆ, ಥೂ! ನಾನಾಗಿದ್ರೆ ಕೊಳ್ತಿದ್ರೂ ಎತ್ಕೊಂಡ್ ಬರ್ತಿದ್ದೆ." ಗ್ರೀಸಿನ ಡಿಮೀಟರ್ ತಾಯಿ, ಮಗಳನ್ನು ಪಾತಾಳದವನು ಹೊತ್ತೊಯ್ದಾಗ ಲೋಕದ ಬೆಳೆಯನ್ನೇ ನಿಲ್ಲಿಸಿದ್ದು. ಸಾರು ಬಡಿಸುತ್ತಿದ್ದ ಅತ್ತೆ ಸೌಟು ಹಿಡಿದುಕೊಂಡೇ, "ತಾಯಿ ಅಂದ್ರೆ ಅವ್ಳು" ಎಂದಳು.

ಒಂದು ದಿನ ಮಾವನ ಮುಖವೇ ಬೇರೆಯಾಗಿತ್ತು. ಹಳೇ ಕಾಲದ ದೇವತೆಗಳ ಬಗ್ಗೆ ಓದಿಕೊಂಡಿದ್ದ ಜರ್ಮನಿಯ ಹೆಂಗಸೊಬ್ಬಳು ಅವನಿಗೆ ಸುಮೇರ್ ಎಂಬ ಪುರಾತನ ನಾಡಿನ ಇನಾನ್ನಾ ದೇವಿಯ ಕಥೆ ಹೇಳಿದ್ದಳು. "ಸತ್ತೋರ ಲೋಕಕ್ಕೆ ಓದ್ಳಂತೆ. ಒಂದೊಂದ್ ಬಾಗ್ಲಿಗೂ ಒಂದೊಂದ್ ಒಡವೆ ಬಿಚ್ಚಿಡ್ಬೇಕಂತೆ. ಅಲ್ಲಿಂದ ವಾಪಸ್ ಬರ್ಬೋದಂತೆ ಕಣವ್ವಾ! ಆದ್ರೆ ಬದ್ಲಿಗೆ ಇನ್ನೊಬ್ರು ಓಗ್ಬೇಕಂತೆ." ಅಲ್ಲಿಂದ ಮುಂದೆ ಅವನು ಯಾರನ್ನೂ ಏನನ್ನೂ ಕೇಳಲಿಲ್ಲ. ಅಯ್ಯೋ ಶಿವನೇ, ಆ ಮೌನಕ್ಕೆ ನಮ್ಮ ಜೀವವೇ ಹಾರಿಹೋಯಿತು. ಇವನೆಲ್ಲಿ ಹೊಳೆಗೆ ಇಳಿದುಬಿಡುತ್ತಾನೋ ಎಂದು ಕಾವಲು ಕಾದೆವು. ಸಂಗಮದ ಕಡೆ ಹೋದರೆ ಹಿಂದೆಯೇ ಯಾರನ್ನಾದರೂ ಅಟ್ಟುತ್ತಿದ್ದೆವು.

ಕೊನೆಗೆ ಮಾವನೇ ಒಪ್ಪಿದ. "ಮಾಡ್ಬುಡಿ, ಸಾಕಾಯ್ತು" ಎಂದ. ತಿಥಿ ಬೇಕೆಂದು ಅಷ್ಟು ದಿನ ಅತ್ತಿದ್ದ ಅತ್ತೆ ಮಾತ್ರ, "ಇನ್ನೊಸಿ ದಿನ ತಡೀರಿ, ಬಂದ್ರೂ ಬಂದಾನು" ಎಂದಳು. ಹೆತ್ತ ಕರುಳು, ಅನ್ನುತ್ತದೆ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮಲ್ಲಿ ಹೆಂಗಸರು ಸುಡುವ ಜಾಗಕ್ಕೆ ಹೋಗುವುದಿಲ್ಲ. ರವಿಯ ಅಂಗಿ ತೊಡಿಸಿದ ಗೊಂಬೆ ಹೊತ್ತು ಗಂಡಸರು ಹೊಳೆದಂಡೆಗೆ ಹೋದರು. ಇಬ್ಬರು ಮಾವನ ತೋಳು ಬಿಗಿಯಾಗಿ ಹಿಡಿದುಕೊಂಡಿದ್ದರು. ಸುಟ್ಟು ಬಂದವರು ದೀಪ ನೋಡಿಯೇ ಒಳಗೆ ಕಾಲಿಡಬೇಕು. "ಬಂದೋರ್ ಸ್ನಾನಕ್ಕೆ ಹಿತ್ಲಲ್ಲಿ ನೀರು ಕಾಯ್ಸ್ರವ್ವಾ, ದೀಪ ನಾನ್ ನೋಡ್ಕತೀನಿ" ಎಂದಳು ಅತ್ತೆ. ಅವಳು ಹಾಗೆ ನೆಟ್ಟಗೆ ಮಾತಾಡಿ ಎಷ್ಟೋ ದಿನವಾಗಿತ್ತು. ನಮಗೆ ಸಮಾಧಾನವೇ ಆಯಿತು.

ಗಂಡಸರು ಬಂದಾಗ ಬಾಗಿಲಲ್ಲಿ ದೀಪ ಉರಿಯುತ್ತಿತ್ತು. ಅತ್ತೆ ಇರಲಿಲ್ಲ. ಹೊಸ್ತಿಲ ಮೇಲೆ ಅವಳ ಓಲೆ, ಪಕ್ಕದಲ್ಲಿ ಬಳೆ, ಆಮೇಲೆ ಕಾಲುಂಗುರ, ತಾಳಿ, ಒಂದರ ಪಕ್ಕ ಒಂದು ಇಟ್ಟಿದ್ದಳು. ನೋಡಿದ ಕೂಡಲೇ ಮಾವ ಹೊಳೆಯ ಕಡೆಗೆ ಓಡಿದ. ಆವತ್ತು ಹೊಳೆ ಹುಡುಕಿಸಲಿಲ್ಲ. ಅತ್ತೆ ಸಂಜೆಗೇ ಸಿಕ್ಕಿದಳು.

ನಾನು ಮಾವನನ್ನು ಕೊನೆಯ ಸಲ ನೋಡಿದ್ದು ಅವಳ ತಿಥಿ ಮುಗಿದ ಮೇಲೆ, ಸಂಗಮದ ಮೆಟ್ಟಿಲ ಮೇಲೆ. ದೊಡ್ಡಮಾವ ಅವನನ್ನು ಕಿಕ್ಕೇರಿಗೆ ಕರೆದೊಯ್ಯಲು ಬಂದಿದ್ದರು. ಕೈ ಹಿಡಿದು ಎಬ್ಬಿಸಿದರೆ ಕೊಸರಿಕೊಂಡ. ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಬಸ್ಸು ತಡವಾದಾಗ ಕೇಳುವಂತೆ ನನ್ನನ್ನು ಕೇಳಿದ:

"ಬದ್ಲಿಗೆ ಅವ್ಳು ಓಗಾಯ್ತಲ್ಲವ್ವಾ. ಇವ್ನ್ಯಾಕೆ ಇನ್ನೂ ಬರ್ನಿಲ್ಲ?"