ಮಾತು ನಿಲ್ಲದಷ್ಟು ವೇಗ

ಯಾರಾದರೂ ಮಾತಿನ ನಡುವೆ ನಿಂತುಬಿಟ್ಟರೆ ನಾನು ಈಗಲೂ ಥಟ್ಟನೆ ಅವರ ಮುಖ ನೋಡುತ್ತೇನೆ. ಲಕ್ಷ್ಮೇಶ್ವರದ ನನ್ನ ಔಷಧ ಅಂಗಡಿಗೆ ಬಂದವರು ಗುಳಿಗೆಯ ಹೆಸರು ಮರೆತು "ಅದ ರೀ, ಅದು..." ಎಂದು ತಡವರಿಸಿದರೂ ಸಾಕು, ಕೌಂಟರಿನ ಮೇಲೆ ಬಾಗಿಬಿಡುತ್ತೇನೆ. ಇದು ಹೋದ ವರ್ಷದಿಂದ ಅಂಟಿಕೊಂಡ ಅಭ್ಯಾಸ.

ಹೋದ ವರ್ಷದ ಚಳಿಗಾಲದಲ್ಲಿ ನಾನು ಮತ್ತು ಮಾವ ಒಂದು ಟ್ರಯಥ್ಲಾನ್‌ನಲ್ಲಿ ಓಡುತ್ತಿದ್ದೆವು. ಮಾವ ಎಂದರೆ ನನ್ನ ಅಕ್ಕನ ಗಂಡ. ಮುಂಡರಗಿಯಲ್ಲಿ ಅವರದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಸ್ಪರ್ಧೆ ದೊಡ್ಡದೇನಲ್ಲ, ಸುತ್ತಲಿನ ಸೈಕಲ್ ಸವಾರರು, ಈಜುಗಾರರು ಸೇರಿಕೊಂಡು ಖುಷಿಗೆ ನಡೆಸುವಂಥದ್ದು. ಮೊದಲು ತುಂಗಭದ್ರೆಯ ಹಿನ್ನೀರಿನಲ್ಲಿ ಈಜು, ಆಮೇಲೆ ಶಿರಹಟ್ಟಿಯ ಕಡೆಗೆ ಸೈಕಲ್ ಮೇಲೆ ಹೋಗಿ ಬರುವುದು, ಕೊನೆಗೆ ಹೊಲಗಳ ನಡುವಿನ ರಸ್ತೆಯಲ್ಲಿ ಓಟ. ಆ ಓಟದ ದಾರಿಯಲ್ಲಿ ಹಳ್ಳಕ್ಕೆ ಕಟ್ಟಿದ ಒಂದು ಮೋರಿ ಇದೆ. ಅದರ ಹತ್ತಿರ ಮಾವ "ನಾಳಿ ಸಂತಿಗೆ..." ಎಂದು ಏನೋ ಹೇಳಲು ಹೊರಟು, ಹೇಳದೆ, ರಸ್ತೆಯ ಅಂಚಿಗೆ ಕುಳಿತರು. ಬೂಟಿನ ಲಾಡಿ ಕಟ್ಟಿಕೊಳ್ಳುತ್ತಾರೆ ಎಂದುಕೊಂಡೆ. ನೋಡಿದರೆ ಲಾಡಿ ಬಿಚ್ಚಿರಲಿಲ್ಲ. ಅವರ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಗದಗಿನ ಆಸ್ಪತ್ರೆಯಲ್ಲಿ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಅವರು ಎದ್ದು ಕೂತ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ, "ಮಾವಾ, ನಾಳಿ ಸಂತಿಗೆ ಅಂದ್ರಲ್ಲಾ, ಏನ್ ಹೇಳಾಂವಿದ್ರಿ?" ಅವರಿಗೆ ನೆನಪಿರಲಿಲ್ಲ. ಆ ಅರ್ಧ ಮಾತು ನನ್ನ ಹತ್ತಿರವೇ ಉಳಿಯಿತು.

ವರ್ಷ ಕಳೆಯುವುದರೊಳಗೆ ಮಾವ ಮತ್ತೆ ಹೊರಟು ನಿಂತರು. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಒಪ್ಪಿ, ಒಂದೇ ನಿಯಮ ಹಾಕಿದರು. "ಬಾಜೂದವರ ಜೋಡಿ ಪೂರಾ ಪೂರಾ ಮಾತಾಡಾಕ ಬರಬೇಕು, ಅಷ್ಟ ಜೋರ ಹೋಗ್ರಿ. ಒಂದೊಂದ ಶಬ್ದಕ್ಕ ಇಳಿದ್ರಿ ಅಂದ್ರ ಸಾವಕಾಶ ಆಗ್ರಿ. ಮಾತ ನಿಂತ್ರ ನಿಂದರ್ರಿ."

ಮುಂಡರಗಿಯ ಮನೆಯಲ್ಲಿ ಶೇಂಗಾ ಹೋಳಿಗೆ ಲಟ್ಟಿಸುತ್ತಿದ್ದ ಅಕ್ಕ ಅದಕ್ಕೆ ತನ್ನದೊಂದು ನಿಯಮ ಸೇರಿಸಿದಳು. "ತಮ್ಮಾ, ನೀ ಇವರ ಜೋಡಿ ಹೋಗಬೇಕು, ಜೋಡಿ ಬರಬೇಕು. ಮಾತ ಬಂದ್ ಆತಂದ್ರ ನೀನ ನಿಂದ್ರಸಬೇಕು. ಕೇಳಲಿಲ್ಲ ಅಂದ್ರ ಸೈಕಲ್ ಗಾಲ್ಯಾಗ ಕಟ್ಟಿಗಿ ತುರುಕು."

"ನೋಡಲೇ ಅಳಿಯಾ," ಎಂದರು ಮಾವ, "ನಿಮ್ಮಕ್ಕ ನನ್ನ ಮೂಗದಾಣ ನಿನ್ನ ಕೈಯಾಗ ಕೊಟ್ಟಳು."

ಅವಳು ನಗಲಿಲ್ಲ. ಲಟ್ಟಣಿಗೆಯನ್ನು ಹಾಗೇ ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಹೂಂ ಎಂದೆ.

ಸ್ಪರ್ಧೆಯ ಬೆಳಿಗ್ಗೆ ನದಿಯ ಮೇಲೆ ತೆಳ್ಳಗೆ ಮಂಜು ಇತ್ತು. ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ನೀರಿನಲ್ಲಿ ಮಾತಾಡುವುದು ಹೇಗೆ? ಅದೃಷ್ಟಕ್ಕೆ ಮಾವ ಚಿಕ್ಕಂದಿನಲ್ಲಿ ಬಾವಿಯಲ್ಲಿ ಈಜು ಕಲಿತವರು. ತಲೆಯನ್ನು ನೀರಿಗೆ ಹಾಕುವುದು ಅವರಿಗೆ ಗೊತ್ತೇ ಇಲ್ಲ, ಆಮೆಯ ಹಾಗೆ ಕತ್ತೆತ್ತಿಕೊಂಡೇ ಹೋಗುತ್ತಾರೆ. ನಾನು ಪಕ್ಕದಲ್ಲೇ ಈಜುತ್ತ ಸ್ವಲ್ಪ ಸ್ವಲ್ಪ ಹೊತ್ತಿಗೆ "ಮಾವಾ?" ಎನ್ನುವುದು, ಅವರು "ಹೇಳಲೇ" ಎನ್ನುವುದು ಎಂದು ಮಾತಾಯಿತು.

ಕಾವಲಿಗೆ ಹರಿಗೋಲಿನಲ್ಲಿ ಕೂತಿದ್ದ ಮೀನುಗಾರನಿಗೆ ಇದು ವಿಚಿತ್ರ ಕಂಡಿರಬೇಕು. "ಯಾಕ್ರೀ ಸುಮ್ಮ ಸುಮ್ಮನ ಕರಿತೀರಿ? ಅವರು ಇಲ್ಲೇ ಅದಾರಲ್ರೀ?"

"ಕರೀಲಿ ಬಿಡೋ," ಎಂದರು ಮಾವ ನೀರು ಉಗುಳಿ. "ಅವಂಗ ಒಬ್ಬಂಗ ಅಂಜಿಕಿ ಬರತೈತಿ."

ಆಗ ನನಗೊಂದು ಹೊಸ ವಿಷಯ ತಿಳಿಯಿತು. ಆಯಾಸ ಕೈಕಾಲಿಗೆ ಬರುವ ಮೊದಲು ಮಾತಿಗೆ ಬರುತ್ತದೆ. "ಹೇಳಲೇ" ಎಂಬುದು ಮೊದಲು "ಹೇಳ್" ಆಯಿತು. ಆಮೇಲೆ ಬರೀ "ಹಾಂ" ಆಯಿತು. ಮುಖ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಕೈ ಮೊದಲಿನ ಹಾಗೇ ಆಡುತ್ತಿತ್ತು. "ಹಾಂ" ಕೇಳಿದ್ದೇ ನಾನು ಅವರನ್ನು ಹರಿಗೋಲಿನ ಅಂಚು ಹಿಡಿಸಿದೆ. ಅವರು ಬೈದರು. ಬೈಗುಳ ಇಡೀ ವಾಕ್ಯದಲ್ಲಿ ಬರುವವರೆಗೆ ಕಾದು, ಬಿಡಿಸಿದೆ. ದಂಡೆ ಸೇರಿದಾಗ ನಮ್ಮ ಹಿಂದೆ ಯಾರೂ ಇರಲಿಲ್ಲ.

ಸೈಕಲ್ ಹತ್ತಿದ ಮೇಲೆ ಮಾವ ಗೆಲುವಾದರು. ಎರಡೂ ಕಡೆ ಒಡೆದ ಹತ್ತಿ, ಮೊಣಕಾಲೆತ್ತರದ ಕಡಲೆ, ದೂರದಲ್ಲಿ ಕಪ್ಪತಗುಡ್ಡ. "ಇವತ್ತ ಕಾಲಾಗ ಏನೋ ಹೊಕ್ಕೈತಲೇ!" ಎಂದು ಜೋರಾಗಿ ತುಳಿದರು. ನಾನು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದೆ. ಅವೆಲ್ಲ ನಮ್ಮತ್ತಲೇ ಮುಖ ಮಾಡಿ ತಿರುಗುತ್ತಿದ್ದವು. ಅಂದರೆ ಗಾಳಿ ನಮ್ಮ ಬೆನ್ನಿಗಿತ್ತು. ಕಾಲಿನಲ್ಲಿ ಹೊಕ್ಕದ್ದು ಅದು. ಬರುವಾಗ ಅದೇ ಗಾಳಿ ಎದೆಗೆ ಬರುತ್ತದೆ ಎಂದು ಹೇಳಿದೆ.

"ಬರೂವಾಗಿಂದ ಬರೂವಾಗ ನೋಡೂಣು," ಎಂದರೂ ನಿಧಾನ ಮಾಡಿದರು. "ಈ ರಸ್ತಾದ ಮ್ಯಾಲ ನಿಮ್ಮಕ್ಕನ್ನ ನೋಡಾಕ ಹೋದದ್ದು ಹೇಳೇನೇನು?"

"ಇಲ್ರೀ."

"ಹಂಗಾರ ಕೇಳು. ಆದ್ರ ಹೂಂ ಅನಕೋಂತ ಬರಬೇಕು ಮತ್ತ."

ಹೂಂ ಅನ್ನುವವರಿಲ್ಲದಿದ್ದರೆ ಕಥೆ ದಾರಿ ತಪ್ಪುತ್ತದೆ ಎಂದು ನಮ್ಮಜ್ಜಿಯೂ ಹೇಳುತ್ತಿದ್ದಳು. ನಾನು ಹೂಂ ಎಂದೆ. ಮಾವ ಹೇಳತೊಡಗಿದರು. ಹಿರಿಯರೆಲ್ಲ ಜೀಪಿನಲ್ಲಿ ಮುಂದೆ ಹೋಗಿದ್ದರು, ಇವರು ಹಿಂದಿನಿಂದ ಬಸ್ಸಿಗೆ ಹೋಗಬೇಕಿತ್ತು, ಬಸ್ಸು ಬರಲಿಲ್ಲ. ಅಲ್ಲಿಯವರೆಗೆ ನನಗೆ ನೆನಪಿದೆ. ಆಮೇಲಿನದು ನೆನಪಿಲ್ಲ, ಯಾಕೆಂದರೆ ನಾನು ಕಥೆ ಕೇಳುತ್ತಿರಲಿಲ್ಲ, ಉಸಿರು ಕೇಳುತ್ತಿದ್ದೆ. ಒಂದು ಉಸಿರಿಗೆ ಎಷ್ಟು ಮಾತು ಬರುತ್ತವೆ, ವಾಕ್ಯ ಎಲ್ಲಿ ಮುರಿಯುತ್ತದೆ, ನಗು ಪೂರ್ತಿ ಬರುತ್ತದೋ ಅರ್ಧಕ್ಕೆ ನಿಲ್ಲುತ್ತದೋ ಎಂದು.

ತಿರುಗಿದ ಮೇಲೆ ಗಾಳಿ ಎದುರಾಯಿತು. ಮುಂದೆ ಹೋಗುವವನ ಮಾತು ಎದುರುಗಾಳಿಯಲ್ಲಿ ಹಿಂದಿನವನಿಗೆ ಚೆನ್ನಾಗಿ ಕೇಳುತ್ತದೆ ಎಂದು ಆಗ ಗೊತ್ತಾಯಿತು. ಮಾವನ ಹಿಂದಿನ ಗಾಲಿಗೆ ಹತ್ತಿಕೊಂಡೇ ತುಳಿದೆ. ಮೋಟರ್‌ಸೈಕಲ್ ಮೇಲೆ ಬಂದ ಸ್ವಯಂಸೇವಕ ಗದರಿದ. "ಹಿಂದ ಹತ್ತಿಕೊಂಡು ಗಾಳಿ ತಪ್ಪಸಬ್ಯಾಡ್ರಿ, ರೂಲ್ಸ್‌ನ್ಯಾಗ ಇಲ್ಲ!"

"ಗಾಳಿ ತಪ್ಪಸಾಕ ಅಲ್ರೀ, ಮಾತ ಕೇಳಾಕ."

"ಮಾತ ಮನ್ಯಾಗ ಕೇಳ್ರಿ!"

ಅವನು ಹೋಗುವವರೆಗೆ ದೂರ ಉಳಿದೆ. ಆ ಅಂತರದಲ್ಲಿ ಮಾವನ ಮಾತು ತೇಲಿ ಮುಳುಗಿ ಬರುತ್ತಿತ್ತು. ಅದನ್ನು ಹಿಡಿಯಲು ನನ್ನ ಉಸಿರನ್ನು ಬಿಗಿ ಹಿಡಿಯುತ್ತಿದ್ದೆ. ನನ್ನ ಉಸಿರಿನ ಸದ್ದು ಅಡ್ಡ ಬರಬಾರದಲ್ಲ. ಅವರ ನೀರಿನ ಬಾಟಲಿಯನ್ನು ನೆನಪಿಟ್ಟು ಅವರಿಗೆ ಕೊಡುತ್ತಿದ್ದೆ, ಅವರ ಗಂಟಲು ಏರಿ ಇಳಿಯುವುದನ್ನು ನೋಡಿ ವಾಪಸು ಇಸಿದುಕೊಳ್ಳುತ್ತಿದ್ದೆ. ನನ್ನ ಬಾಟಲಿ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

ಓಟ ಶುರುವಾಗುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಓಟ ಎನ್ನುವುದು ಹೆಸರಿಗೆ. ದಾಪುಗಾಲಿಗಿಂತ ಸ್ವಲ್ಪ ಜೋರು, ಅಷ್ಟೇ. ಮಾವನ ಕಥೆ ಸಾಗಿತ್ತು, ದನಿ ಸರಾಗವಾಗಿತ್ತು. ನಾನು ಮಾತ್ರ ಮೋರಿಯನ್ನು ಕಾಯುತ್ತಿದ್ದೆ. ದೂರದಲ್ಲಿ ಅದರ ಸುಣ್ಣ ಬಳಿದ ಕಟ್ಟೆ ಕಾಣಿಸಿತು. ನಾನು ಅವರ ಬಾಯನ್ನೇ ನೋಡುತ್ತ ಓಡಿದೆ. ಕಟ್ಟೆ ಹತ್ತಿರ ಬಂತು. "ಅಷ್ಟೊತ್ತಿಗೆ ನಿಮ್ಮಪ್ಪ ಎದ್ದು ನಿಂತು..." ಎಂದ ಮಾವ, ನಿಲ್ಲಿಸಿದರು.

ಮಾತೂ ನಿಂತಿತು, ಕಾಲೂ ನಿಂತಿತು.

ಆ ಕ್ಷಣದಲ್ಲಿ ನಾನು ಕಂಡದ್ದನ್ನು ಕಂಡ ಹಾಗೆ ಹೇಳಬೇಕೆಂದರೆ: ಅವರ ತುಟಿಯ ಬಣ್ಣ ಸರಿಯಾಗಿತ್ತು. ಹಣೆಯ ಮೇಲೆ ಬೆವರಿತ್ತು. ಅವರ ಕಣ್ಣು ನನ್ನ ಮೇಲಿತ್ತು.

"ಅಳಿಯಾ," ಎಂದರು, "ನೀ ಹೂಂ ಅನ್ನೂದ ಬಿಟ್ಟೀಯಲ್ಲೋ."

ಉತ್ತರ ಕೊಡಲು ಬಾಯಿ ತೆರೆದೆ. ಬರಲಿಲ್ಲ. ಕಡಲೆ ಹೊಲದ ಮೇಲೆ ಕಪ್ಪು ಚುಕ್ಕೆಗಳು ಹಾರಾಡುತ್ತಿದ್ದವು, ಅವು ಹಕ್ಕಿಗಳಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಾವ ನನ್ನ ರಟ್ಟೆ ಹಿಡಿದು ಅದೇ ಕಟ್ಟೆಯ ಮೇಲೆ ಕೂರಿಸಿದರು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನನ್ನ ಬಾಟಲಿ ತೆಗೆದು ನೋಡಿದರು. ತುಂಬಿತ್ತು.

"ಎಲ್ಲಿಗೆ ಬಂದಿತ್ತು ಕಥಿ? ಹೇಳು."

"ಬಸ್... ಬರಲಿಲ್ಲ."

"ಬಸ್ಸ! ಬಸ್ ಬಿಟ್ಟು ಲಕ್ಷ್ಮೇಶ್ವರ ಮುಟ್ಟಿ, ನಿಮ್ಮ ಪಡಸಾಲ್ಯಾಗ ಕುಂತು ಎಷ್ಟೊತ್ತಾತು! ಅಲ್ಲೀತನಕ ಯಾರಿಗೆ ಹೂಂ ಅಂದಿ?"

ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಕೊಡ ಹಿಡಿದು ಬಂದಳು. "ಯಾರ ಬಿದ್ದಾರ್ರೀ ಯಣ್ಣಾ?"

"ಹ್ವಾದ ವರ್ಸ ನಾ ಬಿದ್ದಿದ್ನೆವ್ವಾ. ಈ ವರ್ಸ ಇಂವ."

"ಪಾಳಿ ಹಚ್ಚೀರೇನು ಮತ್ತ?" ಎಂದವಳು ನನ್ನ ಬೊಗಸೆಗೆ ನೀರು ಸುರಿದಳು. ಹೋಗುವಾಗ ಒಂದು ಹಿಡಿ ಹಸಿ ಕಡಲೆ ಗಿಡ ಕಿತ್ತು ಮಾವನ ಕೈಗೆ ಕೊಟ್ಟು, "ತಿನ್ಕೋಂತ ಹೋಗ್ರಿ. ಓಡಿ ಎಲ್ಲಿ ಮುಟ್ಟೂದೈತಿ?" ಎಂದಳು.

ಸ್ಪರ್ಧೆಯ ಸಮಯ ಮುಗಿಯುತ್ತ ಬಂದಿತ್ತು. ಮಾವನಿಗೆ ಈ ಸಲ ಮುಗಿಸಬೇಕೆಂದು ಎಷ್ಟು ಆಸೆಯಿತ್ತೆಂದು ನನಗೆ ಗೊತ್ತು. ಪದಕ ಹಾಕಲು ಅಂಗಡಿಯ ಗೋಡೆಗೆ ಮೊಳೆಯನ್ನೂ ಹೊಡೆದಿಟ್ಟಿದ್ದರು. ಇಲ್ಲಿಂದ ಅವರೊಬ್ಬರೇ ಹೋದರೆ ಮುಟ್ಟಬಹುದಿತ್ತು. ಹೋಗಿರಿ ಎಂದೆ.

"ನಿಮ್ಮಕ್ಕ ಏನಂದಾಳ? ಜೋಡಿ ಬರಬೇಕು ಅಂದಾಳ. ಒಂದ ಎತ್ತ ಹೊಲದಾಗ ಬಿಟ್ಟು ಬಂದ್ರ ಮನಿ ಹೊಕ್ಕಾಕ ಬಿಡ್ತಾಳೇನು?" ಎಂದು ಮಾವ ಕಡಲೆ ಬಿಡಿಸತೊಡಗಿದರು. ಮುಖವನ್ನು ಮಾತ್ರ ರಸ್ತೆಯ ಕಡೆಗೇ ತಿರುಗಿಸಿಕೊಂಡಿದ್ದರು.

ನನ್ನ ಉಸಿರು ಹದಕ್ಕೆ ಬಂದ ಮೇಲೆ ನಡೆದೆವು. ಆಗ ಕಥೆಯನ್ನು ಮೊದಲಿನಿಂದ ಹೇಳಿದರು, ನಾನು ಕಥೆಗೇ ಹೂಂ ಎಂದೆ. ಬಸ್ಸು ಬರಲಿಲ್ಲವೆಂದು ಮಾವ ಸೈಕಲ್ ಹತ್ತಿದ್ದರು. ಮುಂಡರಗಿಯಿಂದ ಶಿರಹಟ್ಟಿ ದಾಟಿ ಲಕ್ಷ್ಮೇಶ್ವರದವರೆಗೆ ಎದುರುಗಾಳಿ. ನಮ್ಮ ಪಡಸಾಲೆಯಲ್ಲಿ ಕುಳಿತಾಗ ಅಪ್ಪ ಹೆಸರು ಕೇಳಿದರೆ ಇವರ ಬಾಯಿಂದ ದನಿಯೇ ಹೊರಡಲಿಲ್ಲ. ಅಪ್ಪ ಎದ್ದು ನಿಂತು ಎರಡನೆಯ ಸಲ ಕೇಳಿದರು. ಆಗಲೂ ಇಲ್ಲ.

"ಅಷ್ಟೊತ್ತಿಗೆ ಒಂದು ಸಣ್ಣ ಹುಡುಗ ಅಡಗಿಮನಿಗೆ ಓಡಿ, 'ಅಕ್ಕಾ, ಗಂಡು ಮೂಕ ಐತಿ!' ಅಂತ ಒದರಿತು. ಯಾರ ಗೊತ್ತೇನು ಆ ಹುಡುಗ?"

"ಯಾರ್ರೀ?"

"ನೀನ."

ನನಗೆ ಅದರ ಚೂರೂ ನೆನಪಿಲ್ಲ. ಪಡಸಾಲೆಯ ಕಂಬ ನೆನಪಿದೆ, ಅಕ್ಕನ ಹಸಿರು ಸೀರೆ ನೆನಪಿದೆ. ಆ ಕೂಗು ನೆನಪಿಲ್ಲ.

ನಾವು ಮುಟ್ಟಿದಾಗ ಪೆಂಡಾಲಿನ ಬಟ್ಟೆ ಬಿಚ್ಚುತ್ತಿದ್ದರು. ಸಮಯ ಮುಗಿದಿದೆ, ಪದಕ ಇಲ್ಲ ಎಂದರು. ಮಾವ ಜಗಳಕ್ಕೆ ನಿಂತರು. ಬಿಡಿಸಿ ಬಿಡಿಸಿ, ಉದ್ದುದ್ದ ವಾಕ್ಯಗಳಲ್ಲಿ, ಎಲ್ಲಿಯೂ ಉಸಿರಿಗೆ ತಡೆಯದೆ ವಾದಿಸಿದರು. ಪದಕ ಸಿಗಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ಅಕ್ಕ ಆ ಜಗಳವನ್ನು ಕೊನೆಯವರೆಗೂ ಕೇಳಿದಳು, ಬಿಡಿಸಲು ಹೋಗಲಿಲ್ಲ. ಆಮೇಲೆ ಹೋಳಿಗೆಯ ಡಬ್ಬಿ ತೆರೆದಳು.

ಮೂವರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತೆವು. ಮೋರಿಯ ಹತ್ತಿರ ಆದದ್ದನ್ನು ಅಕ್ಕನಿಗೆ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿ, ಇನ್ನೊಂದು ಹೋಳಿಗೆ ಹಾಕಿದಳು. ಕಥೆಯನ್ನೂ ಹೇಳಿ, ಖರೆ ಏನು ಎಂದು ಕೇಳಿದೆ.

"ಸೈಕಲ್ ಎಲ್ಲೀದು? ಬಸ್ಸಿಗೆ ಬಂದಿದ್ರು," ಎಂದಳು. "ಅಪ್ಪ ತಾನ ಬಸ್‌ಸ್ಟ್ಯಾಂಡಿಗೆ ಹೋಗಿ ಕರಕೊಂಡು ಬಂದಿದ್ದ."

"ಮತ್ತ ಮಾತ ಹೊಂಡಲಿಲ್ಲ ಅಂದದ್ದು?"

"ಅದು ಖರೆ. ಅಂಜಿದ್ರು."

"ಸೈಕಲ್ ಮ್ಯಾಲ ಬಂದಿದ್ನಿ!" ಎಂದರು ಮಾವ.

"ಯಾವ ಬಣ್ಣದ ಸೈಕಲ್ರೀ ಮಾವಾ?" ಎಂದೆ.

"ಅದು..." ಎಂದರು ಮಾವ. ಮಾತು ಅಲ್ಲಿಗೇ ನಿಂತಿತು. ನಾನು ಕುರ್ಚಿಯಿಂದ ಬಾಗಿ ಅವರ ಮುಖ ನೋಡಿದೆ. ಬಾಯಿತುಂಬ ಹೋಳಿಗೆ ಇಟ್ಟುಕೊಂಡು ನಗುತ್ತಿದ್ದರು.