ಹುಳದ ಮನೆಯೂ ಒಂದು ಡಬ್ಬಿ ಮೀನೂ

ಹೋದ ಭಾನುವಾರ ಮೊಮ್ಮಗಳು ಅಡಿಗೆಮನೆಯಲ್ಲಿ ಒಂದು ಪುಟ್ಟ ಡಬ್ಬಿಯ ಕೊಂಡಿಗೆ ಬೆರಳು ಸಿಕ್ಕಿಸಿ ಮುಚ್ಚಳ ಎಳೆದಳು. ನಾನು ಹೊರಗೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದೆ. ಚಿಕ್ಕಬಳ್ಳಾಪುರದ ಈ ಮನೆಯ ಕಿಟಕಿಗಳು ಚಿಕ್ಕವು, ಒಮ್ಮೆ ಬಂದ ವಾಸನೆ ಬೇಗ ಹೋಗುವುದಿಲ್ಲ. ಎಣ್ಣೆ, ಉಪ್ಪು, ಮೀನು, ಅದರ ಹಿಂದೆ ತಗಡಿನ ತಣ್ಣನೆಯ ಒಂದು ವಾಸನೆ... ಸುಲಿದ ಎಸಳು ಕೈಯಲ್ಲೇ ಉಳಿಯಿತು. ಅರವತ್ತು ವರ್ಷಗಳ ಹಿಂದೆ ಒಂದೇ ಒಂದು ಮಧ್ಯಾಹ್ನ ಆ ವಾಸನೆಯ ಎದುರು ನಾನು ಕೂತಿದ್ದೆ, ನರ್ಸಮ್ಮನ ಕೋಣೆಯಲ್ಲಿ.

ಅರವತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನ ಕಾನ್ವೆಂಟ್ ಹಾಸ್ಟೆಲಿನಿಂದ ನೇರವಾಗಿ ದಿಬ್ಬೂರಹಳ್ಳಿಯ ತುಂಬಿದ ಮನೆಗೆ ಸೊಸೆಯಾಗಿ ಬಂದಿದ್ದೆ. ತುಂಬಿದ್ದು ಜನರಿಂದಲ್ಲ, ರೇಷ್ಮೆ ಹುಳದಿಂದ. ಹಜಾರದ ಉದ್ದಕ್ಕೂ ಬಿದಿರಿನ ತಟ್ಟೆಗಳು ಒಂದರ ಮೇಲೊಂದು. ನಾವು ಗೋಡೆಯ ಬದಿಗೆ ಒತ್ತಿಕೊಂಡು ಮಲಗುತ್ತಿದ್ದೆವು. ಯಜಮಾನರು ಬೆಳಿಗ್ಗೆಯ ಬಸ್ಸಿಗೆ ಶಿಡ್ಲಘಟ್ಟದ ಆಫೀಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಅತ್ತೆ ಕೆಟ್ಟವರಲ್ಲ. ಆದರೆ ಅವರಿಗೆ ಹುಳದ ಮಾತು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ, ನನಗೆ ಆ ಮಾತೊಂದೇ ಬರುತ್ತಿರಲಿಲ್ಲ. ಎಷ್ಟೋ ದಿನ, ಇಡೀ ದಿನದಲ್ಲಿ ನಾನು ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು.

ಹುಳ ಮನೆಯಲ್ಲಿದ್ದಾಗ ಮನೆಗೆ ಬೇರೆಯೇ ಕಟ್ಟಳೆ. ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ಬೀಡಿ ಇಲ್ಲ, ಊದುಬತ್ತಿಯೂ ಇಲ್ಲ. ಬೇರೆ ದಿನಗಳಲ್ಲಿ ಮಾಂಸ ತಿನ್ನುವ ಮನೆಯೇ ಆದರೂ ಆಗ ಅದರ ಹೆಸರೆತ್ತುವಂತಿಲ್ಲ. ಘಾಟು ತಗುಲಿದರೆ ಹುಳ ಸಾಯುತ್ತವೆ ಎಂದು ನಂಬಿಕೆ. ಹುಳ ನಾಲ್ಕು ಸಲ ಮೇಯುವುದನ್ನು ಬಿಟ್ಟು, ತಲೆ ಎತ್ತಿ ನಿಂತು, ಪೊರೆ ಕಳಚುತ್ತವೆ. ಅದನ್ನು ಜ್ವರ ಅನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಗೂಡು ಕಟ್ಟುವವರೆಗಿನ ಆ ಏಳೆಂಟು ದಿನವಂತೂ ಹೊರಗಿನವರು ಹೊಸಿಲ ಹತ್ತಿರ ಬಂದರೂ ಅತ್ತೆಯ ಎದೆ ಹೊಡೆದುಕೊಳ್ಳುತ್ತಿತ್ತು.

ನರ್ಸಮ್ಮ ಎದುರು ಸಾಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದರು. ಮಂಗಳೂರಿನ ಕಡೆಯವರು, ಊರಿನ ಹೆರಿಗೆಗಳನ್ನು ನೋಡಿಕೊಳ್ಳಲು ಸರ್ಕಾರ ಕಳಿಸಿದ್ದವರು. ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಬಿಳಿ ಸೀರೆಯ ಅಂಚಿನಲ್ಲಿ ನಮ್ಮೂರಿನ ಕೆಂಪು ಮಣ್ಣಿನ ಗೆರೆ ಎಷ್ಟು ಒಗೆದರೂ ಹೋಗಿರಲಿಲ್ಲ. ಊರಿನವರ ಕನ್ನಡದಲ್ಲಿ ತೆಲುಗು ಬೆರೆತಿತ್ತು, ಅವರದು ಪುಸ್ತಕದ ಹಾಗೆ. ಮಕ್ಕಳು "ಎಂತ, ಎಂತ" ಎಂದು ಅಣಕಿಸುತ್ತಾ ಹಿಂದೆ ಓಡಿದರೆ ತಿರುಗಿ ನಿಂತು, "ನಿನ್ನನ್ನು ತಲೆಕೆಳಗೆ ಹಿಡಿದು ಮೊದಲು ಅಳಿಸಿದ್ದು ನಾನೇ ಮಾರಾಯ. ಇನ್ನೊಮ್ಮೆ ಅಳಿಸಲಾ?" ಅನ್ನುತ್ತಿದ್ದರು. ಕಾನ್ವೆಂಟಿನ ಅಭ್ಯಾಸದಿಂದ ನಾನೊಬ್ಬಳು ಅವರನ್ನು ಸಿಸ್ಟರ್ ಎನ್ನುತ್ತಿದ್ದೆ. ಹಾಗೆ ಕರೆದಾಗಲೆಲ್ಲ ಅವರ ಮುಖ ಒಂದು ಕ್ಷಣ ಸಡಿಲವಾಗುತ್ತಿತ್ತು.

ಆ ಮಧ್ಯಾಹ್ನ ಅತ್ತೆ ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗಿದ್ದರು. ನಾನು ಜಗುಲಿಯ ಮೇಲೆ ಕೂತಿದ್ದೆ. ನರ್ಸಮ್ಮ ತಮ್ಮ ಬಾಗಿಲಿನಿಂದಲೇ ಕೂಗಿದರು.

"ಎಂತ ಮಾರಾಯ್ತಿ, ಮುಖ ಬಾಡಿದೆ? ಊಟ ಆಯ್ತಾ?"

"ಆಯ್ತು ಸಿಸ್ಟರ್. ಮುದ್ದೆ, ಬೇಯಿಸಿದ ಸೊಪ್ಪು. ಇಪ್ಪತ್ತು ದಿನದಿಂದ ಅದೇ."

"ಜ್ವರ ಹುಳಕ್ಕಾ, ನಿನಗಾ? ಬಾ ಇಲ್ಲಿ. ನನ್ನ ತಮ್ಮ ಹಡಗಿನಿಂದ ತಂದ ಒಂದು ಡಬ್ಬಿ ಉಂಟು. ಒಲೆ ಬೇಡ, ಒಗ್ಗರಣೆ ಬೇಡ. ನಿನ್ನ ಅತ್ತೆಯ ಹುಳಕ್ಕೆ ಸುದ್ದಿಯೂ ಮುಟ್ಟುದಿಲ್ಲ."

ಹೋಗಬಾರದಿತ್ತು, ಗೊತ್ತಿತ್ತು. ಬೀದಿಯ ಎರಡೂ ಕಡೆ ನೋಡಿ ದಾಟಿದೆ.

ಡಬ್ಬಿ ತೆರೆಯುವ ಸಲಕರಣೆ ಅವರಲ್ಲಿರಲಿಲ್ಲ. ಚಾಕುವಿನ ಮೊನೆ ಮುಚ್ಚಳದ ಅಂಚಿಗೆ ಇಟ್ಟು, ಗುಂಡುಕಲ್ಲಿನಿಂದ ಕುಟ್ಟುತ್ತಾ ಸುತ್ತಲೂ ಕೊರೆದರು. "ಟ್ಯೂನ. ದೊಡ್ಡ ಮೀನು, ನಿನ್ನ ಅಡಿಗೆಮನೆಯಲ್ಲಿ ಹಿಡಿಸುದಿಲ್ಲ" ಅಂದರು. ಎಣ್ಣೆ ಬಸಿದು ಮೀನನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದರು, ಪುಡಿಯಾಗದ ಹಾಗೆ. ನನಗೆ ಈಳಿಗೆ ಮಣೆ ಕೊಟ್ಟರು. ಸೌತೆಕಾಯಿ ಹೆಚ್ಚಿ, ಉಪ್ಪು ಸವರಿ, ನೀರು ಬಿಟ್ಟ ಮೇಲೆ ಹಿಂಡಬೇಕು. ಇಲ್ಲದಿದ್ದರೆ ಎಲ್ಲವೂ ಕೊಚ್ಚೆಯಾಗುತ್ತದೆ. ಈರುಳ್ಳಿ ತೆಳ್ಳಗೆ, ಟೊಮೇಟೊ ಬೀಜ ತೆಗೆದು, ಎಳೆ ಮೂಲಂಗಿ ಸಣ್ಣಗೆ. ಮೇಲೆ ಕುಟ್ಟಿದ ಮೆಣಸು, ಕೊತ್ತಂಬರಿ, ಒಂದು ಹೋಳು ನಿಂಬೆ. ಹತ್ತು ನಿಮಿಷ ಹಿಡಿಯಿತೋ ಇಲ್ಲವೋ. ಬೆಳಗಿನ ರಾಗಿ ರೊಟ್ಟಿಯ ಮೇಲೆ ಹರಡಿ ಕೊಟ್ಟರು.

"ಒಬ್ಬಳೇ ತಿನ್ನಲಿಕ್ಕೆ ಆರು ತಿಂಗಳಿಂದ ಮನಸ್ಸು ಬರಲಿಲ್ಲ ಮಾರಾಯ್ತಿ" ಅಂದರು, ತಟ್ಟೆ ನೋಡುತ್ತಾ. ಆರು ತಿಂಗಳು ಆ ಡಬ್ಬಿ ಯಾರಿಗಾಗಿ ಕಾದಿತ್ತು ಎಂದು ನಾನು ಯೋಚಿಸಲಿಲ್ಲ. ತಿಂದೆ. ನಕ್ಕೆ. ಎಷ್ಟೋ ಮಾತಾಡಿದೆ... ಹಾಸ್ಟೆಲಿನ ಗಂಟೆ, ಗೆಳತಿಯರು, ಅಲ್ಲಿನ ತೆಳು ಸಾರು. ನಿಂಬೆ ಸಿಪ್ಪೆಯಿಂದ ಕೈ ಉಜ್ಜಿ ತೊಳೆದು, ಅತ್ತೆ ಬರುವ ಮೊದಲು ಮನೆ ಸೇರಿದೆ. ಸಂಜೆ ಅದೇ ಕೈಯಲ್ಲಿ ಹುಳಕ್ಕೆ ಸೊಪ್ಪು ಹಾಕಿದೆ.

ಮೂರನೆಯ ದಿನ ಹುಳ ಸೊಪ್ಪು ಮುಟ್ಟಲಿಲ್ಲ. ಐದನೆಯ ದಿನಕ್ಕೆ ಮೈ ಮೆತ್ತಗಾಗಿ, ಕಪ್ಪಾಗಿ, ತಟ್ಟೆಯಂಚಿನಿಂದ ಜೋತುಬಿದ್ದವು. ಸಪ್ಪೆ ರೋಗ. ಯಜಮಾನರೂ ಮೈದುನನೂ ತಟ್ಟೆಗಟ್ಟಲೆ ಹೊತ್ತುಕೊಂಡು ಹೋಗಿ ಗುಂಡಿಗೆ ಸುರಿದರು. ಅತ್ತೆ ಕಂಬಕ್ಕೆ ಒರಗಿ ಕೂತು, "ಅಯ್ಯೋ ದೇವುಡಾ, ನಮ್ಮತ್ತೆ ಕಾಲದಿಂದ ಮೇಯಿಸ್ತಿದೀನಿ, ಹಿಂಗಾಗಿರ್ಲಿಲ್ಲ" ಎನ್ನುತ್ತಿದ್ದರು. ಅಂದೇ ಬೀದಿ ನಾಯಿಯೊಂದು ಆ ಖಾಲಿ ಡಬ್ಬಿಯನ್ನು ಎಲ್ಲಿಂದಲೋ ಕಚ್ಚಿ ತಂದು ನಮ್ಮ ಜಗುಲಿಯ ಕೆಳಗೆ ನೆಕ್ಕುತ್ತಾ ಕೂತಿತ್ತು.

ಅತ್ತೆ ಡಬ್ಬಿಯನ್ನು ಕಡ್ಡಿಯಲ್ಲಿ ಎತ್ತಿ ಮೂಸಿದರು. "ಮೀನು. ಡಬ್ಬೀಲಿ ಮೀನು ತಿನ್ನೋರು ಈ ಊರಾಗೆ ಆಯಮ್ಮ ಬಿಟ್ರೆ ಇನ್ಯಾರಿದಾರೆ?" ಆಮೇಲೆ ನನ್ನ ಕಡೆ ತಿರುಗಿದರು. ದನಿ ಮೆತ್ತಗಿತ್ತು. "ನೀನೇನಾದ್ರೂ ಅಲ್ಲಿಗೆ ಹೋಗಿದ್ದೇನಮ್ಮಾ? ನಿಜ ಹೇಳು. ನಾನೇನೂ ಅನ್ನಲ್ಲ."

ಅವರು ಬಹುಶಃ ನಿಜಕ್ಕೂ ಏನೂ ಅನ್ನುತ್ತಿರಲಿಲ್ಲ. ಅದು ಈಗ ತಿಳಿಯುತ್ತದೆ. ಆಗ ನನಗೆ ಹತ್ತೊಂಬತ್ತು.

"ಇಲ್ಲ ಅತ್ತೆ. ಅವರೇ ಒಂದಿನ ಬಂದು ಬಾಗ್ಲಲ್ಲಿ ನಿಂತಿದ್ರು. ಒಳಗೆ ಬಗ್ಗಿ ನೋಡಿದ್ರು" ಅಂದೆ.

ಇಲ್ಲ ಅನ್ನುವುದಷ್ಟೇ ಸಾಕಿತ್ತು. ಉಳಿದದ್ದನ್ನು ಯಾಕೆ ಸೇರಿಸಿದೆನೋ...

ಅತ್ತೆ ಬೀದಿ ದಾಟಿದರು. ಅಕ್ಕಪಕ್ಕದ ಮನೆಗಳ ಹೆಂಗಸರು ಹೊರಗೆ ಬಂದರು. "ಹುಳ ಇರೋ ಮನೆಗೆ ಮೀನು ತಿಂದು ಬಂದು ಇಣುಕ್ತೀಯಲ್ಲಮ್ಮಾ, ನಿಂಗೆ ನಾವೇನು ಅನ್ಯಾಯ ಮಾಡಿದ್ವಿ? ನಮ್ಮ ಸೊಸೇನೇ ಕಣ್ಣಾರೆ ನೋಡವ್ಳೆ!"

ನರ್ಸಮ್ಮ ಅತ್ತೆಯ ಭುಜದ ಮೇಲಿಂದ ನನ್ನನ್ನು ನೋಡಿದರು. ನಾನು ನಮ್ಮ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದೆ. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಕಾಣಲಿಲ್ಲ. ಹೆರಿಗೆಗೆ ಬಂದ ಹುಡುಗಿಯ ನಾಡಿ ಹಿಡಿದು ಎಷ್ಟು ತಡೆದಾಳು ಎಂದು ಅಳೆಯುವ ನೋಟ ಅದು.

"ಹೌದಮ್ಮ, ಬಂದಿದ್ದೆ. ನಿಮ್ಮ ಕಡೆಯ ಕ್ರಮ ನನಗೆ ಗೊತ್ತಾಗಲಿಲ್ಲ. ತಪ್ಪಾಯ್ತು" ಅಂದರು.

ಅಲ್ಲಿಗೆ ಮುಗಿಯಲಿಲ್ಲ. ನಮ್ಮೂರಿನಲ್ಲಿ ಹುಳ ಇಲ್ಲದ ಮನೆಯೇ ಇರಲಿಲ್ಲ. ಒಂದು ಮನೆಯ ಹುಳ ಕೆಡಿಸಿದವಳನ್ನು ಇನ್ನೊಂದು ಮನೆ ಹೊಸಿಲಿಗೂ ಸೇರಿಸುವುದಿಲ್ಲ. ನೋವು ಬಂದವರು ಸೂಲಗಿತ್ತಿಗೇ ಹೇಳಿಕಳಿಸತೊಡಗಿದರು. ನರ್ಸಮ್ಮ ತಮ್ಮ ಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದರು, ಯಾರಾದರೂ ಕರೆದಾರು ಎಂದು. ನಾನು ಆ ಕಡೆಯ ಕಿಟಕಿ ತೆರೆಯುವುದನ್ನೇ ಬಿಟ್ಟೆ. ಎರಡು ತಿಂಗಳಾದ ಮೇಲೆ ಗೌರಿಬಿದನೂರಿಗೆ ವರ್ಗ ಕೇಳಿ ಪಡೆದರಂತೆ. ಹೊರಟ ದಿನ ಬೀದಿಯ ನಡುವೆ ನಿಂತು, ಯಾವ ಮನೆಗೂ ಅಲ್ಲ ಎನ್ನುವ ಹಾಗೆ, "ಬರ್ತೇನೆ ಮಾರಾಯ್ತಿ" ಎಂದು ಗಟ್ಟಿಯಾಗಿ ಹೇಳಿದ್ದು ಒಳಗೆ ಕೇಳಿಸಿತು. ನಾನು ಹೊಸ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದೆ. ಕೈ ನಿಲ್ಲಿಸಿದೆ. ಏಳಲಿಲ್ಲ.

ಮರುವರ್ಷ ಊಟಕ್ಕೆ ಕೂತಾಗ ಯಜಮಾನರು ಮಾತಿನ ನಡುವೆ ಹೇಳಿದರು: "ಹೋದ್ವರ್ಷ ಹುಳ ಹೋಗಿದ್ದು ಮಳೇಲಿ ನೆನೆದ ಸೊಪ್ಪು ಹಾಕಿದ್ದಕ್ಕೆ ಕಣೇ. ರೇಷ್ಮೆ ಇಲಾಖೆ ಇನ್ಸ್‌ಪೆಕ್ಟ್ರು ಹೇಳಿದ್ರು." ಅತ್ತೆ ಮುದ್ದೆ ಮುರಿದರು. ಆಗಲಾದರೂ ನಾನು ಬಾಯಿ ತೆರೆಯಬಹುದಿತ್ತು.

ಅದಾಗಿ ಏಳೆಂಟು ವರ್ಷಕ್ಕೆ ವಿದುರಾಶ್ವತ್ಥಕ್ಕೆ ಹೋದಾಗ, ಅಲ್ಲೇ ಹತ್ತಿರದ ಗೌರಿಬಿದನೂರಿನ ಆಸ್ಪತ್ರೆಗೂ ಹೋಗಿ ವಿಚಾರಿಸಿದೆ. ಕೌಂಟರಿನಲ್ಲಿದ್ದವರು ಒಳ್ಳೆಯವರೇ, "ಹೆಸರು ಹೇಳಿ ತಾಯಿ, ಹುಡುಕ್ತೀನಿ" ಅಂದರು. ನನಗೆ ಹೆಸರು ಗೊತ್ತಿರಲಿಲ್ಲ. ನನ್ನ ಎಲ್ಲ ಕಥೆಯನ್ನೂ ನರ್ಸಮ್ಮನಿಗೆ ಹೇಳಿದ್ದೆ, ಅವರ ಹೆಸರೊಂದನ್ನು ಕೇಳಿರಲಿಲ್ಲ. "ಮಂಗಳೂರಿನವರು, ಗಡಿಯಾರ ಹೀಗೆ ಕಟ್ತಿದ್ರು" ಎಂದು ಕೈ ತಿರುಗಿಸಿ ತೋರಿಸಿದೆ. ಕೌಂಟರಿನವರು ಗೊತ್ತಿಲ್ಲವೆಂದು ತಲೆಯಾಡಿಸಿದರು.

ಭಾನುವಾರ ಮೊಮ್ಮಗಳು ಸೌತೆಕಾಯಿಯನ್ನು ಹಾಗೆಯೇ ಸುರಿಯಲು ಹೊರಟಿದ್ದಳು. "ತಡಿ, ಮೊದ್ಲು ಹಿಂಡ್ಬೇಕು" ಎಂದು ನಾನೇ ಎದ್ದುಹೋಗಿ ಕಲೆಸಿಕೊಟ್ಟೆ. ಒಂದು ಚಮಚ ಬಾಯಿಗಿಟ್ಟು ಕಣ್ಣರಳಿಸಿದಳು. "ಅಜ್ಜೀ! ಮೀನಿನ ಸಾಲಡ್ ನಿಮ್ಗೆ ಹೆಂಗ್ ಗೊತ್ತು? ಯಾರು ಹೇಳ್ಕೊಟ್ಟಿದ್ದು?"

"ಹಾಸ್ಟೆಲಲ್ಲಿ ಕಣೇ" ಅಂದೆ.

ಅವಳು ತಟ್ಟೆ ಹಿಡಿದು ಕೋಣೆಗೆ ಹೋದಳು. ಅತ್ತೆ ಹೋಗಿ ನಲವತ್ತು ವರ್ಷವಾಯಿತು, ಯಜಮಾನರೂ ಇಲ್ಲ. ನನ್ನನ್ನು ಬಯ್ಯಬಹುದಾದವರು ಈ ಭೂಮಿಯ ಮೇಲೆ ಒಬ್ಬರೂ ಉಳಿದಿಲ್ಲ. ಆದರೂ ಆ ಬೀದಿ ದಾಟಿ ಅವರ ಬಾಗಿಲಿಗೆ ಹೋಗಿದ್ದೆ ಎಂದು ಹೇಳಲು ನನಗೆ ಆಗಲಿಲ್ಲ.